ಕಾಶ್ಯಪ ಗೋತ್ರದ ಶಾರದಾ

ಮೊನ್ನೆ ದರ್ಭೆ, ಎಳ್ಳು ತರಲೆಂದು ಮಾಮೂಲ್‌ಪೇಟೆಯ ಗ್ರಂಥಿಗೆ ಅಂಗಡಿಗೆ ಹೋಗಿದ್ದೆ. ಪಿತೃಪಕ್ಷ ಶುರುವಾಗಿತ್ತು, ಅಂಗಡಿಯ ಮುಂದೆ ಜನವೋ ಜನ. ಅಂಗಡಿಯವನು ಹೊಸ ಮೂಟೆಯ ಬಾಯಿ ಬಿಚ್ಚಿ ಕರಿ ಎಳ್ಳನ್ನು ಮೊರಕ್ಕೆ ಸುರಿದ. ಒದ್ದೆ ಗೋಣಿಚೀಲದ ವಾಸನೆಯೂ ಎಳ್ಳಿನ ವಾಸನೆಯೂ ಸೇರಿ ಮೂಗಿಗೆ ಬಡಿದದ್ದೇ ತಡ, ಮುಂದೆ ಚಾಚಿದ್ದ ನನ್ನ ಕೈ ತಾನಾಗಿ ಹಿಂದೆ ಬಂತು. ಯಾಕಮ್ಮ, ಮಾಲು ಚೆನ್ನಾಗಿಲ್ವಾ ಅಂದ. ಚೆನ್ನಾಗಿದೆ ಕಣಪ್ಪ, ಕಾಲು ಕೆಜಿ ಕಟ್ಟು ಅಂದೆ. ಎಳ್ಳಿನದೇನೂ ತಪ್ಪಿರಲಿಲ್ಲ. ಎರಡು ವರ್ಷದ ಹಿಂದಿನ ಒಂದು ಮಳೆಗಾಲ ನೆನಪಾಗಿತ್ತು, ಅಷ್ಟೇ.

ಆ ವರ್ಷ ನಾನು ಬಸವನಗುಡಿಯ ನಮ್ಮ ಪುಟ್ಟ ಫಿಲಂ ಕ್ಲಬ್ಬಿನ ಕಾರ್ಯದರ್ಶಿ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿ ಗಂಟಲು ಹರಿದುಕೊಂಡವಳಿಗೆ, ಕತ್ತಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವ ಕೆಲಸ ಹಿತವಾಗಿತ್ತು. ಗಾಂಧಿಬಜಾರಿಗೆ ಹತ್ತಿರ ಒಂದು ಹಳೆಯ ಕಟ್ಟಡದ ಮಹಡಿ ನಮ್ಮದು. ಮೇಲೆ ಶೀಟಿನ ಛಾವಣಿ, ನಲವತ್ತು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಕಟ್ಟಿದ ಬಿಳಿ ಪರದೆ. ಜೋರು ಮಳೆ ಬಂದರೆ ಸಂಭಾಷಣೆ ಕೇಳುತ್ತಿರಲಿಲ್ಲ, ತುಟಿ ನೋಡಿಕೊಂಡು ಕೂರಬೇಕು. ಬರುವವರೆಲ್ಲ ನಿವೃತ್ತರು. ಪೌರಾಣಿಕ ಚಿತ್ರಗಳನ್ನು ಹಾಕಿ ಅಂತ ಅಧ್ಯಕ್ಷರು ದುಂಬಾಲು ಬಿದ್ದಿದ್ದರು. ನನ್ನದು ಹುಟ್ಟಿನಿಂದ ಬಂದ ಹಟ. ಈ ಸಲ ಮನುಷ್ಯರ ಮೇಲೆ ಮನಃಶಾಸ್ತ್ರದವರು ಮಾಡಿದ ಪ್ರಯೋಗಗಳ ಬಗ್ಗೆ ಇರುವ ಚಿತ್ರಗಳನ್ನೇ ತೋರಿಸೋಣ ಅಂದೆ. ಆಷಾಢದಿಂದ ಭಾದ್ರಪದದವರೆಗೆ, ವಾರ ಬಿಟ್ಟು ವಾರ, ಶನಿವಾರ ಸಂಜೆ ಐದಕ್ಕೆ, ಒಟ್ಟು ಆರು ಚಿತ್ರ. ಆಷಾಢದಲ್ಲಿ ಒಳ್ಳೆಯ ಕೆಲಸ ಶುರುಮಾಡಬಾರದಲ್ಲ ಅಂತ ಒಬ್ಬರು ರಾಗ ತೆಗೆದರು. ಇದು ಒಳ್ಳೆಯ ಕೆಲಸ ಅಂತ ನಿಮಗೆ ಯಾರು ಹೇಳಿದರು ಅಂದೆ. ಬಾಯಿ ಮುಚ್ಚಿತು.

ಮೊದಲ ಚಿತ್ರದಲ್ಲಿ ಒಂದು ನೆಲಮಾಳಿಗೆ. ಕಾಲೇಜು ಹುಡುಗರಲ್ಲಿ ಅರ್ಧ ಜನಕ್ಕೆ ಕಾವಲುಗಾರರ ಬಟ್ಟೆ, ಅರ್ಧ ಜನಕ್ಕೆ ಕೈದಿಗಳ ಬಟ್ಟೆ ಕೊಟ್ಟು ಬಿಡುತ್ತಾರೆ, ಆಮೇಲೆ ಏನಾಗುತ್ತದೋ ನೋಡುವುದು. ಎರಡನೆಯದರಲ್ಲಿ ಒಬ್ಬ ಹೆಂಗಸು. ಗಿಡ್ಡ ಗೆರೆಯನ್ನು ತೋರಿಸಿ ಏಳು ಜನ ಇದೇ ಉದ್ದ, ಇದೇ ಉದ್ದ ಅನ್ನುತ್ತಾರೆ, ಕೊನೆಗೆ ಅವಳೂ ಹೌದು ಅನ್ನುತ್ತಾಳೆ. ಚಿತ್ರ ಮುಗಿದ ಮೇಲೆ ನಮ್ಮ ಸದಸ್ಯರು ಒಬ್ಬರಾದ ಮೇಲೊಬ್ಬರು ಎದ್ದು, ನಾವಾಗಿದ್ದರೆ ಹಾಗೆ ಮಾಡುತ್ತಲೇ ಇರಲಿಲ್ಲ ಅಂದರು. ಇದೇ ಮಹನೀಯರು ಬ್ಯಾಂಕಿನ ವಾಚ್‌ಮನ್ ಅಲ್ಲಿ ನಿಂತ್ಕೊಳ್ಳಿ ಅಂದರೆ ಯಾಕೆ ಅಂತ ಕೇಳದೆ ಒಂದು ಗಂಟೆ ನಿಲ್ಲುವವರು. ನಾನು ಕುಮುದಾಳ ಮುಖ ನೋಡಿ ನಕ್ಕೆ.

ಕುಮುದಾ ನನ್ನ ಗೆಳತಿ. ಚಾಮರಾಜಪೇಟೆಯಲ್ಲಿ ಮಗಳು ಅಳಿಯನ ಜೊತೆ ಇದ್ದಾಳೆ. ಕಾಲೇಜು ದಿನಗಳಿಂದಲೇ ರೇಡಿಯೋ ನಾಟಕಗಳಿಗೆ ಧ್ವನಿ ಕೊಟ್ಟವಳು. ಅರವತ್ತನಾಲ್ಕರಲ್ಲೂ ಆ ಧ್ವನಿ ಬೆಣ್ಣೆ. ಆದ್ದರಿಂದ ಪ್ರತಿ ಚಿತ್ರಕ್ಕೂ ಮುಂಚೆ ಐದು ನಿಮಿಷ ಪರಿಚಯ ಹೇಳುವ ಕೆಲಸವನ್ನು ಅವಳಿಗೇ ಅಂಟಿಸಿದ್ದೆ.

ಇನ್ನೊಬ್ಬರು ನರಹರಿ ರಾಯರು. ಸರ್ವೇ ಇಲಾಖೆಯಲ್ಲಿದ್ದು ನಿವೃತ್ತರಾದವರು, ಬಸವನಗುಡಿಯವರೇ. ಕುಮುದಾಳ ಪರಿಚಯದ ಮಾತು ಮುಗಿಯುವವರೆಗೆ ಹೊರಗೆ ಮೆಟ್ಟಿಲ ಹತ್ತಿರ ನಿಂತಿದ್ದು, ಮುಗಿದ ಮೇಲೆ ಒಳಗೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುವರು. ಚಿತ್ರ ಮುಗಿದರೆ ಚರ್ಚೆಗೆ ನಿಲ್ಲದೆ ಹೋಗಿಬಿಡುವರು. ಆ ಕುರ್ಚಿಯ ಪಕ್ಕದಲ್ಲೇ ಸ್ವಿಚ್‌ಬೋರ್ಡು. ಮೊದಲ ದಿನ, ರಾಯರೇ ಆ ದೀಪ ಸ್ವಲ್ಪ ಆರಿಸಿ ಅಂದೆ. ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಹೇಳಿದೆ. ಎದ್ದು ಹೊರಗೆ ಹೋಗಿ, ಮೆಟ್ಟಿಲ ಮೇಲೆ ಫೋನಿನಲ್ಲಿ ಮಾತಾಡುತ್ತಿದ್ದ ಯಾರನ್ನೋ ಕರೆತಂದು ಅವರ ಕೈಯಲ್ಲಿ ಆರಿಸಿದರು. ದೊಡ್ಡ ಸಾಹೇಬರು, ಸ್ವಿಚ್ಚಿಗೂ ಜವಾನ ಬೇಕು ಅಂತ ಕುಮುದಾಳ ಕಿವಿಯಲ್ಲಿ ಹೇಳಿದೆ. ನನ್ನ ನಾಲಿಗೆಗೆ ಬೆಂಕಿ ಹಾಕಬೇಕು.

ಮೂರನೆಯ ಚಿತ್ರದ ದಿನ ಸಂಜೆ ನಾಲ್ಕರಿಂದಲೇ ಮಳೆ. ಹನ್ನೊಂದೇ ಜನ ಬಂದಿದ್ದರು. ಕಪ್ಪು ಬಿಳುಪಿನ ಹಳೆಯ ವಿದೇಶಿ ಚಿತ್ರ. ಒಬ್ಬ ಸಾಧಾರಣ ಗುಮಾಸ್ತನನ್ನು ಕರೆಸುತ್ತಾರೆ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಪಾಠ ಒಪ್ಪಿಸುತ್ತಿರುತ್ತಾನೆ, ತಪ್ಪಿದಾಗೆಲ್ಲ ಇವನು ಒಂದೊಂದು ಸ್ವಿಚ್ ಒತ್ತಿ ಅವನಿಗೆ ಕರೆಂಟ್ ಹೊಡೆಸಬೇಕು. ಸ್ವಿಚ್ಚಿನಿಂದ ಸ್ವಿಚ್ಚಿಗೆ ಹೊಡೆತ ಜಾಸ್ತಿ. ಆಚೆಯವನು ಕೂಗುತ್ತಾನೆ, ಈಚೆಯವನು ಬೆವರುತ್ತಾನೆ, ಹಿಂದೆ ನಿಂತ ಬಿಳಿ ಕೋಟಿನವನು ಮುಂದುವರಿಸಿ ಅನ್ನುತ್ತಾನೆ. ಗುಮಾಸ್ತ ಮುಂದುವರಿಸುತ್ತಾನೆ. ಕೊನೆಗೆ ಬಾಗಿಲು ತೆಗೆದು ಆಚೆಯವನು ನಗುತ್ತಾ ಬಂದು ಕೈ ಕುಲುಕುತ್ತಾನೆ. ಕರೆಂಟೂ ಇಲ್ಲ, ಗಿರೆಂಟೂ ಇಲ್ಲ. ಗುಮಾಸ್ತ ಎಲ್ಲಿಯವರೆಗೆ ಒತ್ತುತ್ತಾನೆ ಅಂತ ನೋಡುವುದೇ ಪ್ರಯೋಗ.

ಚರ್ಚೆ ಬೇಗ ಮುಗಿಯಿತು. ಕುಮುದಾ ತಲೆನೋವು ಅಂತ ಆಟೋ ಹಿಡಿದು ಹೊರಟುಹೋದಳು. ಕುರ್ಚಿ ಜೋಡಿಸುತ್ತಾ ತಿರುಗಿ ನೋಡಿದರೆ ರಾಯರು ಬಾಗಿಲ ಪಕ್ಕದಲ್ಲಿ ಕೂತೇ ಇದ್ದಾರೆ. ಮಳೆ ನಿಲ್ಲಲಿ ಅಂತ ಕಾಯುತ್ತಿದ್ದಾರೆ ಅಂದುಕೊಂಡೆ. ಅವರು ಪರದೆಯನ್ನೇ ನೋಡುತ್ತಿದ್ದರು. ಪರದೆಯ ಮೇಲೆ ಏನೂ ಇರಲಿಲ್ಲ.

"ಆ ಹುಡುಗಿ ಸತ್ತುಹೋದ್ಲು ಮೇಡಂ" ಅಂದರು.

ನನಗೆ ಅರ್ಥವಾಗಲಿಲ್ಲ. ಚಿತ್ರದಲ್ಲಿ ಹುಡುಗಿಯೇ ಇರಲಿಲ್ಲ. ಹಾಗೆಂದೆ. ಸಿನಿಮಾದಲ್ಲಿ ಅಲ್ಲ ಅಂದರು. ಆಮೇಲೆ ಅರ್ಧ ಗಂಟೆ ಅವರು ಹೇಳಿದರು, ನಾನು ಕೈಯಲ್ಲಿ ಹಿಡಿದ ಕುರ್ಚಿಯನ್ನು ಕೆಳಗಿಡುವುದನ್ನೂ ಮರೆತು ಕೇಳಿದೆ.

ನಲವತ್ತೈದು ವರ್ಷದ ಹಿಂದೆ ರಾಯರು ಇದೇ ಊರಿನ ಒಂದು ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದ ಇಪ್ಪತ್ತರ ಹುಡುಗ. ಜ್ಞಾಪಕಶಕ್ತಿಯ ಪರೀಕ್ಷೆಗೆ ವಿದ್ಯಾರ್ಥಿಗಳು ಬೇಕಾಗಿದ್ದಾರೆ, ಬಂದವರಿಗೆ ಒಂದು ಫೌಂಟನ್ ಪೆನ್ನು ಅಂತ ಮನಃಶಾಸ್ತ್ರದ ಮೇಷ್ಟ್ರು ಚೀಟಿ ಅಂಟಿಸಿದ್ದರು. ಇವರು ಹೋದರು. ಮೇಜಿನ ಮೇಲೆ ಹನ್ನೆರಡು ಸ್ವಿಚ್ಚುಗಳ ಒಂದು ಮರದ ಪೆಟ್ಟಿಗೆ. ಮಳೆ ಅಂದರೆ ಕೊಡೆ, ಹಸು ಅಂದರೆ ಕರು, ಹೀಗೆ ಜೋಡಿಪದಗಳನ್ನು ಇವರು ಓದಬೇಕು. ಗೋಡೆಯಾಚೆ ಒಬ್ಬಳು ಹುಡುಗಿ ಕೂತಿದ್ದಾಳೆ, ಅವಳ ಉತ್ತರ ಸಣ್ಣ ಬಲ್ಬಿನಲ್ಲಿ ಹತ್ತುತ್ತದೆ, ತಪ್ಪಿದರೆ ಮುಂದಿನ ಸ್ವಿಚ್. ಏಳನೆಯ ಸ್ವಿಚ್ಚಿಗೆ ಗೋಡೆಯಾಚೆಯಿಂದ ಅಳು ಶುರುವಾಯಿತಂತೆ. ನಾನು ಮನೆಗೆ ಹೋಗ್ಬೇಕು, ಬಿಡಿ ಸರ್, ಮನೆಗೆ ಹೋಗ್ಬೇಕು ಅಂತ ಒಂದೇ ಸಮನೆ. ರಾಯರು ತಿರುಗಿ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಮುಂದುವರಿಸು ಅಂದರು. ಹತ್ತಕ್ಕೆ ಅಳು ನಿಂತುಹೋಯಿತು. ಬಲ್ಬೂ ಹತ್ತಲಿಲ್ಲ. ಉತ್ತರ ಬರದಿದ್ದರೆ ತಪ್ಪು ಅಂತಲೇ ಲೆಕ್ಕ ಅಂದರು ಮೇಷ್ಟ್ರು. ರಾಯರು ಹನ್ನೊಂದು ಒತ್ತಿದರು. ಹನ್ನೆರಡೂ ಒತ್ತಿದರು.

ಯಾಕೆ ಒತ್ತಿದಿರಿ ಅಂತ ಕೇಳಿಬಿಟ್ಟೆ. ಮೇಷ್ಟ್ರಿಗೆ ಎದುರಾಡಿ ಅಭ್ಯಾಸ ಇರಲಿಲ್ಲ ಮೇಡಂ ಅಂದರು. ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದ ನನಗೆ ಆ ಮಾತು ಎಲ್ಲೋ ಚುಚ್ಚಿತು.

ಮೇಷ್ಟ್ರು ಅವತ್ತು ಬೆನ್ನು ತಟ್ಟಿ, ಸೋಮವಾರ ಬಾ, ಎಲ್ಲ ವಿವರಿಸ್ತೀನಿ ಅಂದು ಕಳಿಸಿದ್ದರು. ಇವರು ಸೋಮವಾರ ಹೋಗಲಿಲ್ಲ. ಏನು ಹೇಳಿಬಿಡುತ್ತಾರೋ ಅನ್ನುವ ಭಯ. ಬುಧವಾರ ಕಾಲೇಜಿಗೆ ರಜೆ ಕೊಟ್ಟರು. ಹಾಸ್ಟೆಲಿನ ಒಬ್ಬ ಹುಡುಗಿ ತೀರಿಕೊಂಡಳು, ಕಾಮಾಲೆಯಂತೆ ಅಂತ ಯಾರೋ ಹೇಳಿದರು. ಬೋರ್ಡಿನಲ್ಲಿ ಅವಳ ಹೆಸರು ಹಾಕಿದ್ದರು. ರಾಯರು ಆ ಬೋರ್ಡಿನ ಮುಂದೆ ತಲೆ ತಗ್ಗಿಸಿಕೊಂಡು ನಡೆದರು, ಹೆಸರು ಓದಲಿಲ್ಲ. ಕಾಮಾಲೆ ಅನ್ನುವುದನ್ನು ಅವರು ಒಂದು ಕ್ಷಣವೂ ನಂಬಲಿಲ್ಲ. ಅಂದಿನಿಂದ ಅವರು ಯಾವ ಸ್ವಿಚ್ಚನ್ನೂ ಒತ್ತಿದವರಲ್ಲ. ಮನೆಯಲ್ಲಿ ದೀಪ, ಫ್ಯಾನು ಎಲ್ಲ ಹೆಂಡತಿಯ ಕೈಯಲ್ಲಿ. ಪರರ ಮನೆಗೆ ಹೋದರೆ ಬೆಲ್ ಒತ್ತುವುದಿಲ್ಲ, ಬಾಗಿಲು ಬಡಿಯುತ್ತಾರೆ. ಇದು ಯಾವುದೋ ಚಟ ಅಂತ ಹೆಂಡತಿ ಸುಮ್ಮನಿದ್ದಾರೆ.

ಇನ್ನೊಂದು ವಿಷಯ ಹೇಳಿದರು. ಮಹಾಲಯ ಅಮಾವಾಸ್ಯೆಯ ದಿನ ಅಪ್ಪ, ತಾತ, ಮುತ್ತಾತರಿಗೆ ಎಳ್ಳುನೀರು ಬಿಟ್ಟ ಮೇಲೆ ಗುರುಗಳಿಗೆ, ಸ್ನೇಹಿತರಿಗೆ, ದಿಕ್ಕಿಲ್ಲದೆ ಹೋದವರಿಗೂ ಬಿಡುವ ಪದ್ಧತಿ ಉಂಟಲ್ಲ. ಆ ಸಾಲಿನಲ್ಲಿ ರಾಯರು ಆ ಹುಡುಗಿಗೂ ಬಿಡುತ್ತಾ ಬಂದಿದ್ದಾರೆ. ಅಪ್ಪ ಇರುವವರೆಗೆ ಇವರಿಗೆ ಅಧಿಕಾರವಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಮೊದಲ ಸಲ ಬಿಟ್ಟರು. ಪುರೋಹಿತರು ಗೋತ್ರ ಕೇಳಿದರು, ಗೊತ್ತಿಲ್ಲ ಅಂದರು. ಗೊತ್ತಿಲ್ಲದಿದ್ದರೆ ಕಾಶ್ಯಪ ಗೋತ್ರ ಅಂತ ಶಾಸ್ತ್ರವೇ ಇದೆ. ಹೆಸರು ಕೇಳಿದರು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಶಾರದಾ. ಅವತ್ತಿನಿಂದ ಮೂವತ್ತೆಂಟು ವರ್ಷ, ಕಾಶ್ಯಪ ಗೋತ್ರದ ಶಾರದಾ ಅಂತ ಎಳ್ಳುನೀರು, ಒಂದು ಅನ್ನದ ಪಿಂಡ.

ಅಯ್ಯೋ ರಾಯರೇ, ಈಗ ತಾನೇ ಕಣ್ಣಾರೆ ನೋಡಿದಿರಲ್ಲ, ಕೊನೆಗೆ ಆ ಮನುಷ್ಯ ನಗುತ್ತಾ ಎದ್ದು ಬರಲಿಲ್ಲವೇ, ನಿಮ್ಮದೂ ಅದೇ ಪ್ರಯೋಗ, ಯಾರಿಗೂ ಏನೂ ಆಗಿರುವುದಿಲ್ಲ ಅಂತ ನಾನು ಬಡಬಡಿಸಿದೆ.

"ಸಿನಿಮಾದಲ್ಲಿ ಸತ್ತೋರು ಎದ್ದು ಬರ್ತಾರೆ ಮೇಡಂ. ನನ್ನ ಹುಡುಗಿ ಬರ್ಲಿಲ್ಲ" ಅಂದರು.

ಹೊರಡುವಾಗ, ಇದನ್ನು ಯಾರಿಗೂ ಹೇಳಬೇಡಿ, ಅದರಲ್ಲೂ ಆ ಪರಿಚಯ ಹೇಳುವ ಅಮ್ಮನಿಗೆ ಹೇಳಬೇಡಿ ಅಂದರು. ಯಾಕೆ ಅಂದೆ. ಗೊತ್ತಿಲ್ಲ, ಅವರು ಮಾತಾಡುವಾಗ ಒಳಗೆ ಕೂರಕ್ಕಾಗಲ್ಲ ಅಂದರು. ನಾನು ತಾಯಿಯಾಣೆ ಹೇಳುವುದಿಲ್ಲ ಅಂದೆ.

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ನಮ್ಮ ಮನೆಯವರು ಹೇಳುವುದು ಸುಳ್ಳಲ್ಲ. ಮಂಗಳವಾರ ಮಧ್ಯಾಹ್ನ ಕುಮುದಾ ಬಂದಳು. ಅಡುಗೆಮನೆಯಲ್ಲಿ ಇಬ್ಬರೂ ನೆಲದ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆವು. ಹೆಸರು ಹೇಳದೆ, ನಮ್ಮ ಕ್ಲಬ್ಬಿನ ಒಬ್ಬರು ಅಂತ ಶುರುಮಾಡಿ ಎಲ್ಲ ಕಕ್ಕಿಬಿಟ್ಟೆ. ಹನ್ನೆರಡು ಸ್ವಿಚ್ಚು ಅಂದಾಗ ಅವಳ ಕೈ ನಿಧಾನವಾಯಿತು. ಹಸು, ಕರು ಅಂದಾಗ ನಿಂತಿತು. ಗೋಡೆಯಾಚೆಯ ಹುಡುಗಿ ಏನಂದಳು ಅಂತ ನಾನು ಹೇಳುವ ಮೊದಲೇ ಅವಳು ಹೇಳಿದಳು.

"ನಾನು ಮನೆಗೆ ಹೋಗ್ಬೇಕು, ಬಿಡಿ ಸರ್. ಮನೆಗೆ ಹೋಗ್ಬೇಕು."

ಅದು ನಮ್ಮ ಕುಮುದಾಳ ಧ್ವನಿಯಲ್ಲ. ಅರವತ್ತನಾಲ್ಕು ವರ್ಷದ ಹೆಂಗಸು, ಮಡಿಲಲ್ಲಿ ಹುರುಳಿಕಾಯಿ, ತುಟಿ ಅವಳದೇ, ಆದರೆ ಅಳುತ್ತಿದ್ದವಳು ಹತ್ತೊಂಬತ್ತರ ಹುಡುಗಿ. ಹಟ್ಟಹಗಲಲ್ಲಿ, ನನ್ನದೇ ಅಡುಗೆಮನೆಯಲ್ಲಿ, ನಾನು ಗೋಡೆಗೆ ಒತ್ತಿಕೊಂಡು ಕೂತೆ. ಸಾಕು ಕಣೇ, ನಿಲ್ಲಿಸು ಅಂದೆ. ಅವಳು ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಆಮೇಲೆ ಹೇಳಿದಳು. ಅದೇ ಕಾಲೇಜು, ಅದೇ ಮೇಷ್ಟ್ರು. ರೇಡಿಯೋ ನಾಟಕದ ಹುಡುಗಿ ಅಂತ ಇವಳನ್ನು ಕರೆದು, ನೋವಿನಿಂದ ಅಳುವ ಹಾಗೆ ಟೇಪಿಗೆ ಅಳಬೇಕು ಅಂದರಂತೆ. ಮೂರು ಸಲ ಅತ್ತಳು. ಮೂರು ಸಲವೂ ಮೇಷ್ಟ್ರು ತಲೆಯಾಡಿಸಿದರು, ಇದು ನಾಟಕದ ಅಳು, ಹುಡುಗರು ನಂಬುವುದಿಲ್ಲ ಅಂದು ಎದ್ದು ಹೋದರು. ಹತ್ತು ನಿಮಿಷದ ಮೇಲೆ ಅಟೆಂಡರ್ ಓಡಿಬಂದ. ನಿಮ್ಮನೆಯಿಂದ ಫೋನು, ನಿಮ್ಮ ತಂದೆಗೆ ಎದೆನೋವಂತೆ, ಉಳಿಯೋದು ಕಷ್ಟವಂತೆ ಅಂದ. ಇವಳು ಎದ್ದು ಓಡಿದರೆ ಬಾಗಿಲಿಗೆ ಹೊರಗಿನಿಂದ ಚಿಲಕ. ಮನೆಗೆ ಹೋಗ್ಬೇಕು ಬಿಡಿ ಅಂತ ಬಾಗಿಲು ಬಡಿದು ಬಡಿದು, ಕೊನೆಗೆ ಕಣ್ಣು ಕತ್ತಲೆ ಬಂದು ಬಿದ್ದಳು. ಟೇಪು ಸುತ್ತುತ್ತಲೇ ಇತ್ತು. ಏನೋ ಬಿದ್ದ ಸದ್ದಿಗೆ ಎಚ್ಚರವಾದಾಗ ಮೇಷ್ಟ್ರು ಎದುರಿಗೆ ನಿಂತಿದ್ದರು. ನಿನ್ನ ತಂದೆ ಗುಂಡುಕಲ್ಲಿನ ಹಾಗಿದ್ದಾರೆ, ಫೋನೂ ಬಂದಿಲ್ಲ, ಏನೂ ಬಂದಿಲ್ಲ, ಆದರೆ ಈಗ ಅತ್ತೆಯಲ್ಲ, ಅದು ಅಳು ಅಂದರು. ಎರಡು ಮಸಾಲೆ ದೋಸೆ ತರಿಸಿಕೊಟ್ಟರು. ಯಾವುದೋ ಪಾಠಕ್ಕೆ ಬೇಕಾದ ಟೇಪು ಅಂತಲೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಅದು ಯಾತಕ್ಕೆ ಬೇಕಾಗಿತ್ತು ಅಂತ ತಿಳಿದದ್ದು ಶನಿವಾರ ನಾನು ತೋರಿಸಿದ ಚಿತ್ರ ನೋಡಿದ ಮೇಲೆ. ಅವತ್ತಿನ ತಲೆನೋವು ಅದೇ.

ಅವರು ನಮ್ಮ ರಾಯರೇ ಅಂತ ಹೆಸರನ್ನೂ ಹೇಳಿಬಿಟ್ಟೆ, ಉಳಿದದ್ದು ಮಹಾಲಯದ ವಿಷಯ. ಬದುಕಿರುವವಳಿಗೆ ಮೂವತ್ತೆಂಟು ವರ್ಷ ಎಳ್ಳುನೀರು ಬಿಟ್ಟಿದ್ದಾರೆ ಅಂತ ಹೇಗೆ ಹೇಳುವುದು? ಹೇಳಿದೆ. ಕೋಪಿಸಿಕೊಳ್ಳುತ್ತಾಳೆ, ಅಪಶಕುನ ಅಂತ ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಮತ್ತೆ ಹುರುಳಿಕಾಯಿ ಕೈಗೆತ್ತಿಕೊಂಡಳು. ಹೆಸರೂ ನಿನ್ನದಲ್ಲ, ಗೋತ್ರವೂ ನಿನ್ನದಲ್ಲ, ವಿಳಾಸ ತಪ್ಪಿದ ಕಾಗದ ಅದು, ತಲೆ ಕೆಡಿಸಿಕೊಳ್ಳಬೇಡ ಅಂತ ನಾನೇ ಸಮಾಧಾನ ಹೇಳಿದೆ.

"ಪದ್ಮಾ, ಆ ಅಳು ನಿಜವಾದ್ದು ಅಂತ ನಾನು ಮೂರು ಜನಕ್ಕೆ ಹೇಳಿದೀನಿ" ಅಂದಳು. "ಅಮ್ಮ ನಕ್ಕಳು. ಮದುವೆ ಆದ್ಮೇಲೆ ಇವ್ರು ನಕ್ಕರು. ಮಗಳೂ ನಕ್ಕಳು, ಅತ್ತು ದೋಸೆ ತಿಂದ್ಯಾ ಅಂತ. ನಂಬಿದೋರು ರಾಯರೊಬ್ರೇ."

ನಂಬಿ ನಂಬಿಯೇ ಅವರು ಅರ್ಧ ಸತ್ತಿದ್ದಾರೆ ಅಂದೆ.

ಅಲ್ಲಿಂದ ನಮ್ಮಿಬ್ಬರ ಜಗಳ ಶುರುವಾಯಿತು. ಶ್ರಾವಣ ಪೂರ್ತಿ ಅದೇ. ಮಂಗಳಗೌರಿ ಪೂಜೆ, ವರಮಹಾಲಕ್ಷ್ಮಿ, ಅರಿಸಿನ ಕುಂಕುಮ, ನಡುವೆ ಎಲ್ಲಿ ಸಿಕ್ಕಿದರೂ ಇಬ್ಬರೂ ಮೂಲೆಗೆ ಹೋಗಿ ಗುಸುಗುಸು. ಅವಳಿಗೆ ರಾಯರನ್ನು ಕಂಡು ಎಲ್ಲ ಹೇಳಬೇಕು. ನಾನೇ ಆ ಹುಡುಗಿ, ಬದುಕಿದ್ದೇನೆ, ನಿಮ್ಮ ಸ್ವಿಚ್ಚಿಗೆ ತಂತಿಯೇ ಇರಲಿಲ್ಲ, ಆದರೆ ನೀವು ಕೇಳಿದ ಅಳು ಮಾತ್ರ ನಿಜವಾದ ಅಳು ಅಂತ. ನನಗೆ ಅದು ಸರಿಬರಲಿಲ್ಲ. ಅಳು ನಿಜ ಅಂತ ಗೊತ್ತಾದರೆ ಆ ಮನುಷ್ಯನಿಗೆ ಬಿಡುಗಡೆಯೇ ಇಲ್ಲ, ನಿಜವಾಗಿ ಒಬ್ಬಳು ಅಳುತ್ತಿದ್ದಾಗಲೇ ನಾನು ಒತ್ತಿದೆ ಅಂತ ಇನ್ನೊಂದು ಹುಳು ಒಳಗೆ ಸೇರಿಕೊಳ್ಳುತ್ತದೆ. ಎಲ್ಲ ನಾಟಕ ಅಂದುಬಿಡು, ಪೂರ್ತಿ ನಾಟಕ ಅಂದೆ. ಹಾಗಂದರೆ ನನಗೆ ಉಳಿಯೋದೇನು ಅಂದಳು. ನಿನಗೇನು ಉಳಿಯಬೇಕು, ಮಗಳಿದ್ದಾಳೆ, ಮೊಮ್ಮಗುವಿದೆ, ಆ ಮನುಷ್ಯನಿಗೆ ಒಂದು ದೀಪ ಹಚ್ಚುವ ಕೈಯೂ ಉಳಿದಿಲ್ಲ ಅಂದೆ. ಇನ್ನೊಂದು ದಿನ ಬೇರೆ ಥರ ಹೇಳಿದೆ. ಮತ್ತೊಂದು ದಿನ ಮತ್ತೊಂದು ಥರ. ಪ್ರತಿ ಸಲವೂ ಗೊಂದಲವಿಲ್ಲದ, ಮೆತ್ತಗಿನ ಧ್ವನಿಯಲ್ಲೇ ಹೇಳಿದೆ. ಪಾಠ ಹೇಳಿ ಪಳಗಿದ ಧ್ವನಿ ನನ್ನದು. ಕೊನೆಗೆ ಸರಿ ಬಿಡು ಅಂದಳು.

ಐದನೆಯ ಚಿತ್ರದ ಶನಿವಾರ ರಾಯರಿಗೆ ನಾಲ್ಕಕ್ಕೇ ಬರಲು ಹೇಳಿದ್ದೆ. ಮೋಡ ಮುಚ್ಚಿ ಒಳಗೆಲ್ಲ ಮಬ್ಬು. ಕುಮುದಾಳನ್ನು ಕಂಡು ಅವರು ಬಾಗಿಲಲ್ಲೇ ನಿಂತರು. ಕೈ ಹಿಡಿದು ಕರೆತಂದು ಕೂರಿಸಿದೆ. ಮಾತು ಮುರಿದದ್ದಕ್ಕೆ ಮೊದಲು ಕ್ಷಮೆ ಕೇಳಿದೆ, ಆಮೇಲೆ ಇವಳೇ ಆ ಹುಡುಗಿ ಅಂದೆ. ಅವರು ನಂಬಲಿಲ್ಲ. ನೀವು ಒಳ್ಳೆಯವರು, ನನ್ನ ಸಮಾಧಾನಕ್ಕೆ ಯಾರನ್ನೋ ಕರ್ಕೊಂಡು ಬಂದಿದೀರಿ ಅಂದರು. ಎದ್ದೇಬಿಟ್ಟರು.

ಆಗ ಕುಮುದಾ ಅತ್ತಳು. ಅದೇ ಮಾತು, ಮನೆಗೆ ಹೋಗ್ಬೇಕು, ಬಿಡಿ ಸರ್. ಆದರೆ ನನ್ನ ಅಡುಗೆಮನೆಯಲ್ಲಿ ಅತ್ತ ಹಾಗಲ್ಲ. ಹಳೆಯ ಕಂಪನಿ ನಾಟಕದ ನಾಯಕಿಯ ಹಾಗೆ, ಎದೆಯ ಮೇಲೆ ಕೈಯಿಟ್ಟುಕೊಂಡು, ರಾಗ ಎಳೆದು, ಬಿಕ್ಕಿ ಬಿಕ್ಕಿ, ಎಷ್ಟು ಕೆಟ್ಟದಾಗಿ ಸಾಧ್ಯವೋ ಅಷ್ಟು ಕೆಟ್ಟದಾಗಿ ಅತ್ತಳು. ನಲವತ್ತೈದು ವರ್ಷದಲ್ಲಿ ಅಷ್ಟು ಕೆಟ್ಟ ಅಭಿನಯ ಅವಳು ಮಾಡಿರಲಿಲ್ಲ. ರಾಯರು ಅರ್ಧ ಎದ್ದವರು ಹಾಗೆಯೇ ನಿಂತಿದ್ದರು.

"ಅಳು ನಿಂತ್ಮೇಲೆ ಒಂದು ಸ್ಟೀಲ್ ಲೋಟ ಬಿದ್ದು ಉರುಳಿದ ಸದ್ದು ಬಂತಲ್ವಾ?" ಅಂದಳು. "ನೀರು ಕೊಡೋಕೆ ಬಂದ ಅಟೆಂಡರ್ ಕೈಯಿಂದ ಜಾರಿತ್ತು. ಟೇಪ್ ಆರಿಸೋದು ಮರ್ತಿದ್ರು."

ಲೋಟದ ವಿಷಯ ರಾಯರು ನನಗೆ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲವಂತೆ. ಲೋಟ, ಲೋಟ ಅಂತ ಎರಡು ಸಲ ಅಂದು ಕುರ್ಚಿಯಲ್ಲಿ ಕುಸಿದು ಕೂತರು.

"ಹಾಗಾದ್ರೆ ಎಲ್ಲಾ ನಾಟಕಾನಾ ಅಮ್ಮ?"

"ನಾಟಕ ರೀ. ಆಮೇಲೆ ಮಸಾಲೆ ದೋಸೆ ಕೊಡ್ಸಿದ್ರು ನಂಗೆ."

"ಎಷ್ಟು?"

"ಎರಡು."

ರಾಯರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಆ ಖಾಲಿ ಕುರ್ಚಿಗಳ ನಡುವೆ ಅವರ ನಗು ಕೇಳಿ ನನಗೆ ಖುಷಿಯಾಗಬೇಕಿತ್ತು. ಯಾಕೋ ಹೆದರಿಕೆಯಾಯಿತು. ಎಷ್ಟು ಚೆನ್ನಾಗಿ ಆ್ಯಕ್ಟ್ ಮಾಡಿದ್ರಿ ಅಮ್ಮ, ನಾನು ನಿಜ ಅಂತಲೇ ಅಂದ್ಕೊಂಡ್ಬಿಟ್ಟಿದ್ದೆ ಅಂದರು. ಕುಮುದಾ ಥ್ಯಾಂಕ್ಸ್ ಅಂದಳು. ಅವಳ ಮುಖದಲ್ಲಿ ನಗುವಿತ್ತು. ಅವಳ ಅಳುವಿಗೆ ನಕ್ಕವರು ಈಗ ನಾಲ್ಕು ಜನ ಆದರು ಅಂತ ನನಗೆ ಹೊಳೆದದ್ದು ಮನೆಗೆ ಹೋದ ಮೇಲೆ.

ಹೊರಡುವ ಮುಂಚೆ ಅವಳೇ ಹೇಳಿದಳು, ಇನ್ನು ಮೇಲೆ ನನಗೆ ಎಳ್ಳುನೀರು ಬಿಡಬೇಡಿ ರಾಯರೇ, ಬದುಕಿರೋರಿಗೆ ಬಿಡಬಾರದು. ರಾಯರು ಕೈ ಮುಗಿದು, ದೇವರಾಣೆ ಬಿಡುವುದಿಲ್ಲ, ಈ ಅಮಾವಾಸ್ಯೆಯಿಂದಲೇ ನಿಲ್ಲಿಸುತ್ತೇನೆ ಅಂದರು.

ಆರನೆಯ ಚಿತ್ರಕ್ಕೆ ಕುಮುದಾ ಗಂಟಲು ಸರಿಯಿಲ್ಲ ಅಂತ ಪರಿಚಯ ಹೇಳಲಿಲ್ಲ, ನಾನೇ ಏನೋ ಒದರಿದೆ. ರಾಯರು ಹೆಂಡತಿಯನ್ನೂ ಕರೆತಂದಿದ್ದರು. ನಾನು ಹೇಳುವ ಮೊದಲೇ ಎದ್ದು, ಬೋರ್ಡಿನ ಮುಂದೆ ಒಂದು ಕ್ಷಣ ನಿಂತು, ದೀಪ ಆರಿಸಿದರು. ಕತ್ತಲೆಯಲ್ಲಿ ಅವರ ಹೆಂಡತಿ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. ನನ್ನ ಜೀವನದಲ್ಲಿ ಒಂದು ಲೆಕ್ಕ ಸರಿಯಾಗಿ ಬಿಡಿಸಿದೆ ಅಂತ ಬೀಗಿದೆ, ಸುಳ್ಳು ಯಾಕೆ ಹೇಳಲಿ.

ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಮನೆಯವರು ತರ್ಪಣ ಮುಗಿಸಿ, ಊಟ ಮಾಡಿ ಒಳಗೆ ಅಡ್ಡಾಗಿದ್ದರು. ಒಂದೂವರೆಯ ಹೊತ್ತು. ಬಾಗಿಲು ಬಡಿದ ಸದ್ದು. ತೆಗೆದರೆ ಕುಮುದಾ. ಹಬ್ಬ ಹರಿದಿನವಲ್ಲದ ಈ ದಿನ ಯಾರೂ ಯಾರ ಮನೆಗೂ ಹೀಗೆ ಬರುವುದಿಲ್ಲ. ಚಾಮರಾಜಪೇಟೆಯಿಂದ ನಡೆದೇ ಬಂದಿದ್ದಳು, ಸೀರೆಯ ಅಂಚೆಲ್ಲ ಕೆಸರು. ಏನಾಯಿತೇ ಅಂದೆ.

"ಏನಾದ್ರೂ ಇದ್ರೆ ಹಾಕು. ಹಸಿವು ತಡ್ಯಕ್ಕಾಗ್ತಿಲ್ಲ."

ಮಗಳ ಮನೆಯಲ್ಲಿ ಅಡುಗೆಯಾಗಿರಲಿಲ್ಲವೇ ಅಂತ ಕೇಳಿದೆ. ಅಲ್ಲೂ ಉಂಡು ಬಂದೆ, ಸಾಲಲಿಲ್ಲ, ಮಗಳ ಮುಂದೆ ಮೂರನೇ ಸಲ ಕೇಳೋಕೆ ನಾಚಿಕೆಯಾಯ್ತು ಅಂದಳು. ಎಲೆ ಹಾಕಿ ಅನ್ನ, ಸಾರು, ಬಾಳೆಕಾಯಿ ಪಲ್ಯ, ವಡೆ ಬಡಿಸಿದೆ. ತಲೆಯೆತ್ತದೆ ತಿಂದಳು. ಎಣಿಸಿ ತಿನ್ನುವ ಹೆಂಗಸು, ಮುಷ್ಟಿ ಅನ್ನ ಹೆಚ್ಚಾದರೆ ಪಕ್ಕಕ್ಕೆ ತಳ್ಳುವವಳು, ಅವತ್ತು ಎರಡು ಸಲ ಬಡಿಸಿದ್ದು ನೋಡನೋಡುತ್ತಾ ಖಾಲಿಯಾಯಿತು. ತಿನ್ನುತ್ತಲೇ ಹೇಳಿದಳು. ಪ್ರತಿ ವರ್ಷ ಮಹಾಲಯದ ಈ ಒಂದು ದಿನ ಮಧ್ಯಾಹ್ನ ಅವಳು ಉಂಡವಳೇ ಅಲ್ಲವಂತೆ. ವ್ರತವಲ್ಲ, ಕಾಯಿಲೆಯಲ್ಲ. ಆ ಹೊತ್ತಿಗೆ ಹೊಟ್ಟೆ ತುಂಬಿರುತ್ತಿತ್ತು, ಅಷ್ಟೇ. ಮೊದಲ ಸಲ ಹಾಗಾದಾಗ ಹೊಸದಾಗಿ ಮದುವೆಯಾಗಿತ್ತು, ಏನಾದ್ರೂ ವಿಶೇಷವೇನೇ ಅಂತ ಅಮ್ಮ ಕೇಳಿದ್ದಳಂತೆ. ಆಗ ಅವಳಿಗೆ ಇಪ್ಪತ್ತಾರು. ನಾನು ಸೌಟು ಹಿಡಿದು ನಿಂತಲ್ಲೇ ಲೆಕ್ಕ ಹಾಕಿದೆ. ರಾಯರ ಅಪ್ಪ ತೀರಿಕೊಂಡ ವರ್ಷ, ಅವರು ಶಾರದಾಗೆ ಮೊದಲ ಪಿಂಡ ಇಟ್ಟ ವರ್ಷ. ಇನ್ನೊಮ್ಮೆ ಹಾಕಿದೆ. ಅದೇ ಬಂತು.

ಕುಮುದಾ ಖಾಲಿ ಎಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

"ನಿಲ್ಲಿಸ್ಬಿಟ್ರು ಕಣೇ" ಅಂದಳು. "ಇನ್ನು ನಂಗೆ ಅಂತ ಅಳೋರು ಯಾರೂ ಇಲ್ಲ."

ನಾಟಕ ಅನ್ನು ಅಂತ ಬಾಯಿಗೆ ಮಾತು ತುರುಕಿದವಳೇ ನಾನು. ಇನ್ನೂ ಹಸಿವಾಗ್ತಿದೆಯಾ ಅಂತ ಕೇಳಿದೆ, ಹೂಂ ಅಂದಳು. ಪಾತ್ರೆಯಲ್ಲಿ ಉಳಿದಿದ್ದ ಅನ್ನವನ್ನೆಲ್ಲ ಅವಳ ಎಲೆಗೆ ಬಡಿಸಿ, ಇನ್ನೊಂದು ಪಾವು ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ.